ಬೆಳದಿಂಗಳೂಟದಿಂದ ಹೌಸಿಯವರೆಗೆ

ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಕಳೆದವನಿಗೆ ‘ಪಾರ್ಟಿ’ ಎಂದರೆ ಗಿರಾಕಿ. ‘ಆ ಪಾರ್ಟಿಯ ಚೆಕ್ ವಾಪಸ್ ಬಂತು’, ‘ಪಾರ್ಟಿ ಒಳ್ಳೇದು, ಸಾಲ ಕೊಡಬಹುದು’ ಅನ್ನೋದು ನಮ್ಮ ದಿನನಿತ್ಯದ ಮಾತು. ಊರಿನಲ್ಲಿ ನಮ್ಮ ಹಿರಿಯರಿಗೆ ಪಾರ್ಟಿ ಎಂದರೆ ಕಾಂಗ್ರೆಸ್ಸು, ಜನತಾ. ಇನ್ನು ಮುಂಬಯಿಗೆ ಬಂದ ಹೊಸದರಲ್ಲಿ ಸಹೋದ್ಯೋಗಿಗಳು ‘ಪಾರ್ಟಿ ಯಾವಾಗ?’ ಎಂದು ಕಣ್ಣು ಮಿಟುಕಿಸಿದರೆ ಅದರರ್ಥ ಬೇರೆ, ಅದಕ್ಕೆ ಮನೆಯ ಹೆಂಗಸರು, ಮಕ್ಕಳು ಬರುವ ಪ್ರಶ್ನೆಯೇ ಇಲ್ಲ. ಹಾಗಾದರೆ ಅಜ್ಜಿಯಿಂದ ಹಿಡಿದು ಮೂರು ವರ್ಷದ ಮೊಮ್ಮಗುವಿನ ತನಕ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು, ಯಾರೂ ಭಾಷಣ ಮಾಡದೆ, ಯಾರಿಗೂ ಶಾಲು ಹೊದಿಸದೆ, ನಕ್ಕು ತಿಂದು ಎದ್ದು ಹೋಗುವ ರಾತ್ರಿಗೆ ಏನು ಹೆಸರು? ಹೊರನಾಡಿನಲ್ಲಿ ನಾವು ಇಂಥ ರಾತ್ರಿಗಳನ್ನು ನೂರಾರು ಕಳೆದಿದ್ದೇವೆ. ಆದರೆ ಸಂಘಗಳ ಚರಿತ್ರೆ ಬರೆಯುವವರು ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸಭಾಂಗಣ, ಅಧ್ಯಕ್ಷರು, ನಾಟಕ, ಸ್ಮರಣ ಸಂಚಿಕೆ ಇವಕ್ಕೆ ದಾಖಲೆ ಇದೆ. ಮನೆಯೊಳಗಿನ ರಾತ್ರಿಗೆ ಯಾರು ವರದಿ ಬರೀತಾರೆ? ಅದಕ್ಕೇ ಈ ಬರಹ.

ಹೆಸರು ಇರಲಿಲ್ಲ ಎಂದು ಹೇಳುವುದೂ ಪೂರ್ತಿ ಸರಿಯಲ್ಲ. ಹಳೇ ಮೈಸೂರಿನ ಕಡೆ ‘ಬೆಳದಿಂಗಳೂಟ’ ಎಂಬ ಚೆಂದದ ಮಾತಿದೆ. ಹುಣ್ಣಿಮೆಯ ರಾತ್ರಿ ತಾರಸಿಯ ಮೇಲೆ ಮಕ್ಕಳೆಲ್ಲ ಗುಂಡಗೆ ಕೂರುವುದು, ಅಜ್ಜಿಯೋ ಅತ್ತೆಯೋ ದೊಡ್ಡ ಪಾತ್ರೆಯಲ್ಲಿ ಅನ್ನ ಕಲಸಿ ಒಬ್ಬೊಬ್ಬರ ಕೈಗೂ ತುತ್ತು ಹಾಕುವುದು. ತಟ್ಟೆ ತೊಳೆಯುವ ಕೆಲಸವಿಲ್ಲ, ಯಾರು ಎಷ್ಟು ತಿಂದರು ಎಂಬ ಲೆಕ್ಕವಿಲ್ಲ. ನಮ್ಮ ಧಾರವಾಡದ ಕಡೆ ಆಶ್ವೀಜದ ಹುಣ್ಣಿಮೆ ಎಂದರೆ ಸೀಗಿ ಹುಣ್ಣಿಮೆ. ಅದು ಹೊಲದ ಹಬ್ಬ. ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಬುತ್ತಿ ಬಿಚ್ಚುವುದು. ಹೊಲ ಇಲ್ಲದವರನ್ನೂ ಹೊಲ ಇದ್ದವರು ಕರಕೊಂಡು ಹೋಗುವುದು ಪದ್ಧತಿ. ‘ಬರ್ರಿ, ಹೊಲಕ್ಕ ಹೋಗೋಣು’ ಅಂದರೆ ಅದೇ ಆಮಂತ್ರಣ. ಕಾರ್ಡೂ ಇಲ್ಲ, ಸಮಯವೂ ಇಲ್ಲ. ಎಲ್ಲ ವಯಸ್ಸಿನವರೂ ಸೇರುವ ಅನೌಪಚಾರಿಕ ಕೂಟ ನಮಗೆ ಹೊಸದಲ್ಲ. ಹೊಸದಾದದ್ದು ಜಾಗ.

ಜಾಗದ ಮಾತು ಬಂತು ಎಂದು ಹೇಳುತ್ತೇನೆ. ನಮ್ಮ ಹಿರಿಯರಿಗೆ ಮುಂಬಯಿ ಪರವೂರೇ ಆಗಿರಲಿಲ್ಲ. 1956ರ ನವೆಂಬರ್ 1ರ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೆ ಮುಂಬಯಿಯೇ ರಾಜಧಾನಿ. ನಾನು ಎಂ.ಕಾಂ. ಮಾಡಿದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಶುರುವಾದದ್ದೇ ಮುಂಬಯಿಯಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. ದಕ್ಷಿಣ ಕನ್ನಡದವರಿಗೆ ರಾಜಧಾನಿ ಮದರಾಸು, ಆದರೂ ಹೊಟ್ಟೆಪಾಡಿಗೆ ಅವರು ಬಂದದ್ದು ಮುಂಬಯಿಗೇ. ಬಂದವರಿಗೆ ಸಿಕ್ಕಿದ್ದು ಎಂಥ ಮನೆ? 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ ಒಂದು ಖೋಲಿ 160 ಚದರ ಅಡಿ. ನಮ್ಮ ಬ್ಯಾಂಕಿನ ಮ್ಯಾನೇಜರರ ಕ್ಯಾಬಿನ್ ಅದಕ್ಕಿಂತ ಸ್ವಲ್ಪ ಚಿಕ್ಕದಿತ್ತು, ಅಷ್ಟೇ! ಅದರಲ್ಲಿ ಒಂದು ಸಂಸಾರ, ಜೊತೆಗೆ ಊರಿನಿಂದ ಕೆಲಸ ಹುಡುಕಿ ಬಂದ ಇಬ್ಬರು ತಮ್ಮಂದಿರು. ಇಂಥಲ್ಲಿ ‘ಮನೆಗೆ ಬರ್ರಿ’ ಎಂದು ಇಪ್ಪತ್ತು ಜನರನ್ನು ಕರೆಯುವುದಾದರೂ ಹೇಗೆ?

ಹೇಗೆಂದರೆ, ಮನೆ ಎಂಬುದರ ಅರ್ಥವನ್ನೇ ಹಿಗ್ಗಿಸಿದರು. ಚಾಳಿನಲ್ಲಿ ಎಲ್ಲ ಖೋಲಿಗಳ ಮುಂದೆ ಉದ್ದಕ್ಕೆ ಒಂದು ಪಡಸಾಲೆ ಇರುತ್ತದೆ. ಅದು ಎಲ್ಲರ ಮನೆ. ಮೇಲೆ ಗಚ್ಚಿ. ಮರಾಠಿಯ ಈ ‘ಗಚ್ಚಿ’ ಎಂಬ ಮಾತನ್ನು ಮುಂಬಯಿ ಕನ್ನಡಿಗರು ಎಷ್ಟು ಸಹಜವಾಗಿ ಬಳಸುತ್ತಾರೆಂದರೆ ಊರಿಗೆ ಹೋದಾಗಲೂ ‘ಮಾಳಿಗೆ’ ಅನ್ನದೆ ಗಚ್ಚಿ ಅಂತಲೇ ಅಂದು ಬೈಸಿಕೊಳ್ಳುತ್ತಾರೆ. ದೊಡ್ಡ ಕಾರ್ಯಕ್ರಮಕ್ಕೆ ಮಾಟುಂಗಾದ ಮೈಸೂರು ಅಸೋಸಿಯೇಷನ್ ಇತ್ತು, 1926ರದು. ಮಾಹಿಮಿನ ಕರ್ನಾಟಕ ಸಂಘ 1934ರದು. ಅವುಗಳ ಉಪಕಾರ ದೊಡ್ಡದು, ನಾನೂ ಉಂಡವನೇ. ಆದರೆ ಒಂದು ಮಾತು ಹೇಳಲೇಬೇಕು. ಸಂಘಕ್ಕೆ ಹೋಗುವುದು ಎಂದರೆ ಇಸ್ತ್ರಿ ಮಾಡಿದ ಸೀರೆ, ಎರಡು ಲೋಕಲ್ ಟ್ರೇನು, ‘ಗಲಾಟೆ ಮಾಡಬ್ಯಾಡ್ರೋ’ ಎಂದು ಮಕ್ಕಳನ್ನು ಗದರಿಸುವುದು. ಹಿರಿಯರಿಗೆ ಮೆಟ್ಟಿಲು ಹತ್ತಲು ಆಗದು, ಮಕ್ಕಳಿಗೆ ಭಾಷಣ ತಿಳಿಯದು. ಅಲ್ಲಿ ಕನ್ನಡ ಉಳಿಯಿತು ನಿಜ, ಆದರೆ ಅದು ದೊಡ್ಡವರ ಕನ್ನಡ. ಮಕ್ಕಳ ಕನ್ನಡ ಉಳಿದದ್ದು ಎಲ್ಲಿ ಎಂದು ಕೇಳಿದರೆ, ಗಚ್ಚಿಯಲ್ಲಿ ಎಂದು ನಾನು ಹೇಳುತ್ತೇನೆ.

ಗಚ್ಚಿಯ ರಾತ್ರಿಗಳಲ್ಲಿ ಮೊದಲನೆಯದು ಕೋಜಾಗಿರಿ. ನಮ್ಮ ಸೀಗಿ ಹುಣ್ಣಿಮೆಯ ದಿನವೇ ಮಹಾರಾಷ್ಟ್ರದಲ್ಲಿ ಕೋಜಾಗಿರಿ ಪೌರ್ಣಿಮೆ. ಅವತ್ತು ರಾತ್ರಿ ಲಕ್ಷ್ಮಿ ಭೂಮಿಗೆ ಬಂದು ‘ಕೋ ಜಾಗರ್ತಿ’, ಯಾರು ಎಚ್ಚರವಾಗಿದ್ದೀರಿ ಎಂದು ಕೇಳುತ್ತಾ ತಿರುಗುತ್ತಾಳಂತೆ. ಎಚ್ಚರ ಇದ್ದವರಿಗೆ ಸಂಪತ್ತು. ಎಚ್ಚರ ಇರುವುದಕ್ಕೆ ಪಗಡೆ ಆಡಬಹುದು ಎಂದು ಶಾಸ್ತ್ರವೇ ಅಪ್ಪಣೆ ಕೊಟ್ಟಿದೆ. ನೋಡಿ, ಆಟಕ್ಕೆ ದೇವರ ಪರವಾನಗಿ ಇರುವ ರಾತ್ರಿ! ದೊಡ್ಡ ಪಾತ್ರೆಯಲ್ಲಿ ಹಾಲು ಕುದಿಸಿ, ಕೇಸರಿ, ಬದಾಮು, ಏಲಕ್ಕಿ, ಜಾಯಿಕಾಯಿ ಹಾಕಿ, ಅದರಲ್ಲಿ ಚಂದ್ರನ ಬಿಂಬ ಬೀಳುವಂತೆ ಬಯಲಲ್ಲಿಟ್ಟು ಆಮೇಲೆ ಹಂಚುವುದು. ಮರಾಠಿ ನೆರೆಯವರು ಕರೆದರು, ನಮ್ಮವರು ಹೋದರು. ಹಾಲು ಅವರದು, ಹಚ್ಚಿದ ಅವಲಕ್ಕಿ ನಮ್ಮದು. ಕೆಳಗಿನ ಮನೆಯ ಮಂಗಳೂರಿನವರು ಗೋಳಿಬಜೆ ತಂದರು. ಮೈಸೂರಿನವರೊಬ್ಬರು ಮಕ್ಕಳನ್ನು ಸುತ್ತ ಕೂರಿಸಿ ಮೊಸರನ್ನದ ಕೈತುತ್ತು ಹಾಕಿದರು. ಹೀಗೆ ಬೆಳದಿಂಗಳೂಟ, ಸೀಗಿ ಹುಣ್ಣಿಮೆ, ಕೋಜಾಗಿರಿ ಮೂರೂ ಒಂದೇ ಗಚ್ಚಿಯ ಮೇಲೆ ಕೂಡಿಕೊಂಡವು. ಊರಿನಲ್ಲಿದ್ದಿದ್ದರೆ ಈ ಮೂವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಈಗಿನವರಿಗೆ ಹಾಲು ಎಂದರೆ ಫೋನ್ ಒತ್ತಿದರೆ ಬರುವ ಪೊಟ್ಟಣ. ನಾನು ಬರುವುದಕ್ಕೂ ಹಿಂದೆ, ಮುಂಬಯಿಯಲ್ಲಿ ಆರೆ ಕೇಂದ್ರದ ಹಾಲಿಗೆ ಕಾರ್ಡು ಇರಬೇಕಿತ್ತು. ನಲವತ್ತು ಜನಕ್ಕೆ ಮಸಾಲೆ ಹಾಲು ಮಾಡಬೇಕಾದರೆ ಹತ್ತು ಮನೆಯವರು ತಮ್ಮ ಕಾರ್ಡಿನ ಬಾಟಲಿ ಕೊಡಬೇಕು, ಅಂದರೆ ಹತ್ತು ಮನೆಯಲ್ಲಿ ಮರುದಿನ ಬೆಳಿಗ್ಗೆ ಕರಿ ಚಹಾ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಸೋಮವಾರ ರಾತ್ರಿಯ ಊಟ ಬಿಡಿ ಎಂದು ಕರೆ ಕೊಟ್ಟಾಗ ಹೋಟೆಲುಗಳೂ ಸೋಮವಾರ ಸಂಜೆ ಬಾಗಿಲು ಹಾಕಿದವು. ಉಡುಪಿ ಹೋಟೆಲಿನ ಹುಡುಗರಿಗೆ ಅಕಸ್ಮಾತ್ತಾಗಿ ಸಿಕ್ಕ ಬಿಡುವು ಅದು. ಆ ಸೋಮವಾರಗಳಲ್ಲಿ ಗಚ್ಚಿಯ ಮೇಲೆ ಇಸ್ಪೀಟು ನಡೆಯುತ್ತಿತ್ತು, ಖಾಲಿ ಹೊಟ್ಟೆಯಲ್ಲೇ, ಎಂದು ಹಿರಿಯರೊಬ್ಬರು ನನಗೆ ಹೇಳಿದ್ದುಂಟು.

ನಾನು ಮುಂಬಯಿಗೆ ಬಂದದ್ದು 1982ರಲ್ಲಿ. ಆಗ ಬ್ಯಾಂಕು ಎಂದರೆ ದಕ್ಷಿಣ ಕನ್ನಡಿಗರ ಮನೆ ಇದ್ದ ಹಾಗೆ. ಕೆನರಾ, ಕಾರ್ಪೊರೇಷನ್ ಎರಡೂ 1906ರವು, ಕರ್ನಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931, ಐದೂ ಆ ಒಂದೇ ಜಿಲ್ಲೆಯಲ್ಲಿ ಹುಟ್ಟಿದವು. 1969ರಲ್ಲೂ 1980ರಲ್ಲೂ ರಾಷ್ಟ್ರೀಕರಣವಾದ ಮೇಲೆ ಶಾಖೆಗಳು ದೇಶದ ತುಂಬ ಹಬ್ಬಿದವು. ಮೂರು ವರ್ಷಕ್ಕೊಮ್ಮೆ ವರ್ಗ, ಮೂರು ವರ್ಷಕ್ಕೊಮ್ಮೆ ಹೊಸ ನೆರೆಹೊರೆ. ನಮಗೆ ಮನೆಯೊಳಗಿನ ಕೂಟ ಶೋಕಿಯಲ್ಲ, ಅಗತ್ಯ. ಇಲ್ಲದಿದ್ದರೆ ಮನೆಯಾಕೆ ಯಾರ ಹತ್ತಿರ ಮಾತಾಡಬೇಕು?

ಆದರೆ ಜಗತ್ತೆಲ್ಲ ಪಾರ್ಟಿ ಮಾಡುವ ಡಿಸೆಂಬರ್ 31ರ ರಾತ್ರಿ ನಮ್ಮದಾಗಿರಲಿಲ್ಲ. ಇದು ಬ್ಯಾಂಕಿನ ಹೊರಗಿನವರಿಗೆ ಗೊತ್ತಿಲ್ಲದ ಚರಿತ್ರೆ. ಆಗ ಬ್ಯಾಂಕುಗಳ ಲೆಕ್ಕದ ವರ್ಷ ಜನವರಿಯಿಂದ ಡಿಸೆಂಬರ್. ವರ್ಷದ ಕೊನೆಯ ರಾತ್ರಿ ‘ಕ್ಲೋಸಿಂಗ್’. ಲೆಡ್ಜರುಗಳ ಮೊತ್ತ ಜನರಲ್ ಲೆಡ್ಜರಿಗೆ ತಾಳೆಯಾಗಬೇಕು, ಬಡ್ಡಿ ಕೈಯಿಂದಲೇ ಹಾಕಬೇಕು, ಹದಿನೆಂಟು ಪೈಸೆ ವ್ಯತ್ಯಾಸ ಬಂದರೆ ಅದನ್ನು ಹುಡುಕುವುದರಲ್ಲಿ ಹೊಸ ವರ್ಷ ಬಂದಿರುತ್ತಿತ್ತು. ಬಂದರಿನ ಹಡಗುಗಳು ಹನ್ನೆರಡಕ್ಕೆ ಒಟ್ಟಿಗೇ ಸೈರನ್ ಊದಿದಾಗ ತಲೆ ಎತ್ತಿ ‘ಆತಪಾ, ವರ್ಷ ಮುಗೀತು’ ಎಂದು ಮತ್ತೆ ಪೆನ್ನು ಹಿಡಿಯುತ್ತಿದ್ದೆವು. 1989ರಿಂದ ಲೆಕ್ಕ ಮುಗಿಯುವ ದಿನ ಮಾರ್ಚ್ 31ಕ್ಕೆ ಹೋಯಿತು. ಆ ಹೊತ್ತಿಗೆ ಬ್ಯಾಂಕಿನ ಸಂಸಾರಗಳಿಗೆ ಹೊಸ ವರ್ಷದ ರಾತ್ರಿ ಗಂಡನಿಲ್ಲದ ರಾತ್ರಿಯಾಗಿ ಅಭ್ಯಾಸವಾಗಿಬಿಟ್ಟಿತ್ತು. ಹಾಗಾಗಿ ನಮ್ಮ ಕ್ವಾರ್ಟರ್ಸಿನಲ್ಲಿ ವರ್ಷದ ದೊಡ್ಡ ರಾತ್ರಿ ಎಂದರೆ ಕೋಜಾಗಿರಿಯೇ. ಅದು ದಸರೆಯಾಗಿ ಐದು ದಿನಕ್ಕೆ, ದೀಪಾವಳಿಗೆ ಹದಿನೈದು ದಿನ ಮುಂಚೆ ಬರುತ್ತದೆ. ಮಳೆಗಾಲ ಮುಗಿದಿರುತ್ತದೆ. ದಸರೆಯ ಖರ್ಚಾಗಿದ್ದರೂ ಬೋನಸ್ಸಿನ ಆಸೆ ಇರುತ್ತದೆ.

ಈ ರಾತ್ರಿಗೆ ಹೌಸಿ ಬಂದು ಸೇರಿದ್ದು ಬೇರೆ ದಾರಿಯಿಂದ. ಅದು ನಮ್ಮದೂ ಅಲ್ಲ, ಮರಾಠಿಗರದೂ ಅಲ್ಲ. ಇಟಲಿಯಲ್ಲಿ 1530ರ ಹೊತ್ತಿಗೆ ನಡೆಯುತ್ತಿದ್ದ ಸರಕಾರಿ ಲಾಟರಿಯ ಕೂಸು ಅದು. ನೇಪಲ್ಸಿನ ಕಡೆ ಕ್ರಿಸ್‌ಮಸ್ ದಿನಗಳಲ್ಲಿ ಮನೆಮಂದಿ ಕೂತು ಆಡುವ ‘ತೊಂಬೊಲಾ’ ಆಯಿತು. ದೆಹಲಿ, ಹೈದರಾಬಾದಿನವರು ಅದಕ್ಕೆ ‘ತಂಬೋಲಾ’ ಅನ್ನುವುದು ಇದೇ ಇಟಲಿಯ ಹೆಸರಿನಿಂದ. ಬ್ರಿಟಿಷ್ ಸೈನಿಕರು ಇದೇ ಆಟಕ್ಕೆ ‘ಹೌಸ್’ ಎಂದರು. ಬ್ಯಾರಕ್ಕಿನಲ್ಲಿ ಇಸ್ಪೀಟು, ದಾಳಗಳ ಜೂಜಿಗೆ ನಿಷೇಧ, ಈ ಒಂದಕ್ಕೆ ಮಾತ್ರ ವಿನಾಯಿತಿ. ಯಾಕೆಂದರೆ ಇದರಲ್ಲಿ ಮೋಸ ಕಷ್ಟ, ಎಲ್ಲರ ಕಣ್ಣೆದುರಿಗೆ ಅಂಕಿ ಎತ್ತಿ ಕೂಗಬೇಕು. ದಂಡಿನ ಮೆಸ್ಸು, ರೈಲ್ವೆ ಇನ್‌ಸ್ಟಿಟ್ಯೂಟು, ಜಿಮ್ಖಾನಾ ಹೀಗೆ ಇಳಿದು ಇಳಿದು ಮುಂಬಯಿಯ ಹೌಸಿಂಗ್ ಸೊಸೈಟಿಗೆ ಬಂದು ‘ಹೌಸಿ’ ಆಯಿತು. ಸಾಹೇಬರ ಕ್ಲಬ್ಬಿನೊಳಗೆ ನಮ್ಮವರಿಗೆ ಪ್ರವೇಶ ಇರಲಿಲ್ಲ, ಸಾಹೇಬರ ಆಟ ಮಾತ್ರ ನಮ್ಮ ಅಡಿಗೆಮನೆಯ ತನಕ ಬಂತು.

ಆಟ ಎಲ್ಲರಿಗೂ ಗೊತ್ತಿದ್ದದ್ದೇ. 1ರಿಂದ 90. ಒಂದು ಚೀಟಿಯಲ್ಲಿ ಮೂರು ಸಾಲು, ಸಾಲಿಗೆ ಐದರಂತೆ ಹದಿನೈದು ಅಂಕಿ. ಬ್ರಿಟಿಷರ ಪದ್ಧತಿಯಲ್ಲಿ ಆರು ಚೀಟಿಗಳ ಒಂದು ಪಟ್ಟಿ, ಹದಿನೈದಾರಲೆ ತೊಂಬತ್ತು. ಅಂದರೆ ಆ ಪಟ್ಟಿಯಲ್ಲಿ ಪ್ರತಿ ಅಂಕಿಯೂ ಒಂದೇ ಸಲ ಬರುತ್ತದೆ. ಇದು ಗೊತ್ತಾದ ದಿನ ನನಗೆ ಬ್ಯಾಲೆನ್ಸ್ ಶೀಟು ತಾಳೆಯಾದಷ್ಟು ಸಂತೋಷವಾಯಿತು! ಆಟಕ್ಕೆ ಬುದ್ಧಿ ಬೇಡ, ಅದೇ ಅದರ ದೊಡ್ಡಗುಣ. ಚೆಸ್ಸಿನಲ್ಲಿ ಅಜ್ಜ ಮೊಮ್ಮಗನನ್ನು ಸೋಲಿಸುತ್ತಾನೆ, ಕೇರಂನಲ್ಲಿ ಮೊಮ್ಮಗ ಅಜ್ಜನನ್ನು. ಹೌಸಿಯಲ್ಲಿ ಎಂಬತ್ತರ ಅಜ್ಜಿಗೂ ಆರರ ಹುಡುಗಿಗೂ ಒಂದೇ ಅವಕಾಶ. ಬುದ್ಧಿವಂತರಿಗೆ ಇದು ಸಹನೆಯಾಗುವುದಿಲ್ಲ. ನಮ್ಮ ಶಾಖೆಯ ಒಬ್ಬ ಲೆಕ್ಕಿಗರು ಇಡೀ ರಾತ್ರಿ ‘ಇದು ಆಟವೇ ಅಲ್ಲ’ ಅನ್ನುತ್ತಲೇ ನಾಲ್ಕು ಚೀಟಿ ಹಿಡಿದು ಕೂತಿರುತ್ತಿದ್ದರು.

ವಿರೋಧ ಇರಲಿಲ್ಲ ಎಂದಲ್ಲ. ‘ದುಡ್ಡು ಇಟ್ಟು ಆಡೂದು ಅಂದ್ರ ಜೂಜು’ ಎಂದು ನಮ್ಮವ್ವ ಕಡ್ಡಿ ಮುರಿದಂತೆ ಹೇಳಿದಳು. ಧರ್ಮರಾಯ ಪಗಡೆಯಲ್ಲಿ ಕಳಕೊಂಡ ಕತೆ ಕೇಳಿ ಬೆಳೆದ ಜೀವ. ಆದರೆ ಅದೇ ಅವ್ವ ಬಲಿಪಾಡ್ಯಮಿಯ ದಿನ ಪಗಡೆ ಹಾಸುತ್ತಿದ್ದಳು, ಯಾಕೆಂದರೆ ಆ ದಿನಕ್ಕೆ ‘ದ್ಯೂತ ಪ್ರತಿಪದೆ’ ಎಂಬ ಹೆಸರೇ ಇದೆ. ಕಾನೂನೂ ಹೀಗೆಯೇ ಎರಡು ನಾಲಿಗೆಯದು. ಮುಂಬಯಿಯ ಜೂಜು ತಡೆ ಕಾಯಿದೆ 1887ರದು, ಅದರ ಕಣ್ಣು ಇರುವುದು ಮುಖ್ಯವಾಗಿ ಲಾಭಕ್ಕಾಗಿ ಜೂಜುಮನೆ ನಡೆಸುವವನ ಮೇಲೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಹಾಗಾಗಿ ಅದು ಮುಖ್ಯವಾಗಿ ಕೌಶಲದ ಆಟ ಎಂದು ಹೇಳಿತು. ಲೋಕಲ್ ಟ್ರೇನಿನಲ್ಲಿ ಬ್ರೀಫ್‌ಕೇಸಿನ ಮೇಲೆ ಎಲೆ ಹಾಕುವವರು ಈ ತೀರ್ಪನ್ನು ಮಂತ್ರದಂತೆ ಹೇಳುತ್ತಿದ್ದರು. ಹೌಸಿಗೆ ಆ ರಕ್ಷೆಯೂ ಇಲ್ಲ, ಅದು ಶುದ್ಧ ಅದೃಷ್ಟ. ಆದ್ದರಿಂದ ನಮ್ಮಲ್ಲಿ ಮೊದಲಿನಿಂದ ಒಂದು ಕಟ್ಟಳೆ: ಬಂದ ದುಡ್ಡೆಲ್ಲ ಆ ರಾತ್ರಿಯೇ ಹಂಚಿಹೋಗಬೇಕು, ಮನೆಯವರಿಗೆ ಒಂದು ಪೈಸೆ ಉಳಿಯಬಾರದು. ಇಪ್ಪತ್ತು ಜನ, ತಲೆಗೆ ಎರಡು ಚೀಟಿ, ಚೀಟಿಗೆ ಹತ್ತು ರೂಪಾಯಿ ಎಂದರೆ 400. ಮೊದಲ ಐದಕ್ಕೆ 50, ನಾಲ್ಕು ಮೂಲೆಗೆ 50, ಮೂರು ಸಾಲಿಗೆ 60ರಂತೆ 180, ಪೂರ್ತಿ ಮನೆಗೆ 120. ತಾಳೆ. ಪೂರ್ತಿ ಮನೆಗೆ ಅರ್ಧ ದುಡ್ಡು ಇಡುವವರುಂಟು, ನಾನು ಒಪ್ಪುವುದಿಲ್ಲ. ಚಿಕ್ಕ ಬಹುಮಾನ ಜಾಸ್ತಿ ಜನಕ್ಕೆ ಬಂದರೆ ಮಕ್ಕಳು ಅಳುವುದಿಲ್ಲ. ಅವ್ವ ಕೊನೆಗೆ ಒಪ್ಪಿದ್ದು ದುಡ್ಡಿನ ಬದಲು ಸ್ಟೀಲ್ ಚಮಚ, ಸಾಬೂನು, ಒಂದು ತೆಂಗಿನಕಾಯಿ ಇಟ್ಟಾಗ. ಕಾಯಿಗಾಗಿ ಆಕೆ ಆಡಿದ ಛಲ ಯಾವ ಜೂಜುಕೋರನಿಗೂ ಕಡಿಮೆ ಇರಲಿಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಹೌಸಿಯಲ್ಲಿ ಅಂಕಿ ಕೂಗುವವನೇ ಪುರೋಹಿತ. ಮೊದಮೊದಲು ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ಸೈನಿಕರ ಕಾಲದ ಚಾಳಿ, ಪ್ರತಿ ಅಂಕಿಗೂ ಒಂದು ಅಡ್ಡಹೆಸರು. 88 ಎಂದರೆ ಇಬ್ಬರು ದಪ್ಪ ಹೆಂಗಸರು. ನಮ್ಮ ಕ್ವಾರ್ಟರ್ಸಿನ ಹೆಂಗಸರಿಗೆ ಇದು ಸೇರಲಿಲ್ಲ, ಸೇರಬೇಕಾಗಿಯೂ ಇಲ್ಲ. ಒಂದು ವರ್ಷ ‘ಕನ್ನಡದಾಗ ಕೂಗ್ರಿ, ಇಲ್ಲಂದ್ರ ನಾವು ಏಳ್ತೇವಿ’ ಎಂದು ಹಟ ಹಿಡಿದರು. ಆಗ ಒಂದು ಸಂಗತಿ ಬಯಲಾಯಿತು. ಮುಂಬಯಿಯಲ್ಲೇ ಹುಟ್ಟಿದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು, ಹಸಿವು, ನಿದ್ದೆ, ಸಿಟ್ಟು ಎಲ್ಲ ಕನ್ನಡದಲ್ಲಿ. ಅಂಕಿ ಮಾತ್ರ ಇಪ್ಪತ್ತರಾಚೆ ಬರುತ್ತಿರಲಿಲ್ಲ! ಲೆಕ್ಕ ಶಾಲೆಯ ಭಾಷೆಯಲ್ಲಿ ನಡೆಯುತ್ತದೆ, ಆದ್ದರಿಂದ ಮಾತೃಭಾಷೆಯಲ್ಲಿ ಮೊದಲು ಸಾಯುವುದು ಅಂಕಿ. ಮದ್ರಾಸಿನಲ್ಲಿ, ದೆಹಲಿಯಲ್ಲಿ ಇರುವ ಗೆಳೆಯರೂ ಇದನ್ನೇ ಹೇಳಿದರು. ‘ಅಜ್ಜೀ, ಅರವತ್ತೇಳು ಅಂದ್ರೆ ಸಿಕ್ಸ್ಟಿ ಏನು?’ ಎಂದು ಕೇಳುವ ಮಗುವಿಗೆ ಅಜ್ಜಿಯ ವಯಸ್ಸೇ ತಿಳಿಯದು, ಊರಿನ ಬಸ್ಸಿನ ಟಿಕೆಟ್ಟಿನ ದರ ತಿಳಿಯದು, ಸಂತೆಯಲ್ಲಿ ನಿಂತರೆ ಕಿವುಡಾಗುತ್ತದೆ.

ಹೌಸಿ ಇದನ್ನು ನಾಲ್ಕು ರಾತ್ರಿಯಲ್ಲಿ ಸರಿ ಮಾಡಿತು. ದುಡ್ಡು ಹೋಗುತ್ತದೆ ಎಂದರೆ ಮಕ್ಕಳು ಎಷ್ಟು ಬೇಗ ಕಲಿಯುತ್ತಾರೆ ನೋಡಬೇಕು! ಕನ್ನಡದ ಅಂಕಿಗಳ ರಚನೆಯೂ ಇದಕ್ಕೆ ಅನುಕೂಲ. ಹಿಂದಿಯಲ್ಲಿ 59 ಉನಸಠ್, 69 ಉನಹತ್ತರ್, ಅದೇ 89ಕ್ಕೆ ಬಂದರೆ ನವಾಸಿ. ಪ್ರತಿಯೊಂದನ್ನೂ ಬೇರೆ ಬೇರೆ ಬಾಯಿಪಾಠ ಮಾಡಬೇಕು. ಮರಾಠಿಯಲ್ಲಿ 59 ಏಕೋಣಸಾಠ್, ಅರವತ್ತಕ್ಕೆ ಒಂದು ಕಮ್ಮಿ. ನಮ್ಮದು ಐವತ್ತು ಕೂಡಿಸು ಒಂಬತ್ತು, ಐವತ್ತೊಂಬತ್ತು. ಹತ್ತರಿಂದ ಹತ್ತೊಂಬತ್ತರ ತನಕ ಸ್ವಲ್ಪ ತಕರಾರು, ಅದು ದಾಟಿದರೆ ಒಂಬತ್ತು ಅಂಕಿ, ಎಂಟು ಹತ್ತುಗಳ ಹೆಸರು ಗೊತ್ತಿದ್ದರೆ ತೊಂಬತ್ತೊಂಬತ್ತರವರೆಗೆ ರಾಜಮಾರ್ಗ. ಪುಟ್ಟ ಅಂಗಡಿಕಾರನೂ ಹಿಡಿಯಬಹುದಾದ ಲೆಕ್ಕ. ಗೊಂದಲ ಇರುವುದು ಒಂಬತ್ತಕ್ಕೂ ತೊಂಬತ್ತಕ್ಕೂ ಮಾತ್ರ. ಕಿವಿ ಮಂದವಾದ ಹಿರಿಯರೊಬ್ಬರು ಪ್ರತಿ ಸಲ ಒಂಬತ್ತು ಕೂಗಿದಾಗ ‘ಮನಿ ತುಂಬ್ತು!’ ಎಂದು ಎದ್ದು ನಿಲ್ಲುತ್ತಿದ್ದರು.

ಅಡ್ಡಹೆಸರುಗಳೂ ತಾವಾಗಿ ಕನ್ನಡಕ್ಕೆ ಬಂದವು. ಐದು ಪಾಂಡವರು, ಒಂಬತ್ತು ಗ್ರಹ, ಹದಿನಾಲ್ಕು ರಾಮನ ವನವಾಸ, ಹದಿನೆಂಟು ಪರ್ವ, ಇಪ್ಪತ್ತೇಳು ನಕ್ಷತ್ರ, ಅರವತ್ಮೂರು ಪುರಾತನರು, ಅರವತ್ನಾಲ್ಕು ವಿದ್ಯೆ, ಎಪ್ಪತ್ತೆರಡು ಮೇಳಕರ್ತ. ಐವತ್ತಾರು ಎಂದರೆ ರಾಜ್ಯ ಒಂದಾದದ್ದು, ಎಪ್ಪತ್ಮೂರು ಅದಕ್ಕೆ ಕರ್ನಾಟಕ ಎಂದು ಹೆಸರಾದದ್ದು, ಅರವತ್ತೊಂಬತ್ತು ಬ್ಯಾಂಕ್ ರಾಷ್ಟ್ರೀಕರಣ, ಎಂಬತ್ಮೂರು ಕಪಿಲ್ ದೇವ್. ಅರವತ್ತಕ್ಕೆ ‘ರಿಟೈರ್ಡ್!’ ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿದ್ದರು, ನನ್ನ ಕಡೆ ನೋಡಿ. ಸಂಘದ ಕನ್ನಡ ತರಗತಿಗೆ ಬಲವಂತವಾಗಿ ಹೋಗುತ್ತಿದ್ದ ಹುಡುಗರು ಇದನ್ನು ತರಗತಿ ಎಂದು ತಿಳಿಯಲೇ ಇಲ್ಲ.

ನಮ್ಮ ನಾಡಿಗೂ ಮನೆಯೊಳಗಿನ ಆಟಗಳ ಚರಿತ್ರೆ ದೊಡ್ಡದೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ ಅವರು ವಿದ್ಯೆ, ಕಲೆ, ಆಟಗಳಲ್ಲಿ ಮುಳುಗಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ಹೊಸ ಹೊಸ ಆಟಗಳಿವೆ, 36 ಎಲೆಗಳಿಂದ ಹಿಡಿದು 360 ಎಲೆಗಳ ತನಕ! ಮುನ್ನೂರ ಅರವತ್ತು ಎಲೆ ಹಾಸುವುದಕ್ಕೆ ಅರಮನೆಯೇ ಬೇಕು, 160 ಚದರ ಅಡಿಯಲ್ಲಿ ಆಗದು. ಬಡವರ ಮನೆಗೆ ಉಳಿದದ್ದು ಚೌಕಾಬಾರ. ಸೀಮೆಸುಣ್ಣದಲ್ಲಿ ಐದೈದು ಮನೆ ಎಳೆದು, ನಾಲ್ಕು ಕವಡೆ ಇದ್ದರೆ ಸಾಕು. ಕರಾವಳಿಯವರದು ಚೆನ್ನೆಮಣೆ, ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಳು. ಮಂಗಳೂರಿನವರೊಬ್ಬರು ಮುಂಬಯಿಗೆ ಬರುವಾಗ ಹಾಸಿಗೆಯ ಸುರುಳಿಯೊಳಗೆ ಚೆನ್ನೆಮಣೆ ಸುತ್ತಿ ತಂದಿದ್ದರು. ‘ಮರದ್ದು ಮಾರಾಯ್ರೆ, ಹೇಗೆ ಬಿಟ್ಟು ಬರುವುದು?’ ಅನ್ನುತ್ತಿದ್ದರು.

ಈ ಹಳೆಯ ಆಟಗಳು ಮುಂಬಯಿಯಲ್ಲಿ ಹೆಚ್ಚು ದಿನ ಬಾಳಲಿಲ್ಲ. 1972ರ ಅಕ್ಟೋಬರ್ 2ಕ್ಕೆ ಮುಂಬಯಿ ದೂರದರ್ಶನ ಶುರುವಾಯಿತು, ಎಂಬತ್ತೆರಡರ ಏಷ್ಯಾಡ್ ಹೊತ್ತಿಗೆ ಬಣ್ಣ ಬಂತು. ಮೊದಲು ಒಂದು ಮಹಡಿಗೆ ಒಂದೇ ಟಿ.ವಿ. ಇದ್ದಾಗ ಅದೇ ಒಂದು ಕೂಟವಾಗಿತ್ತು, ಚಪ್ಪಲಿಗಳ ರಾಶಿ ಬಾಗಿಲಲ್ಲಿ. 1987ರ ಜನವರಿಯಲ್ಲಿ ‘ರಾಮಾಯಣ’ ಆರಂಭವಾದಾಗಲೂ ಜನ ಒಟ್ಟಿಗೇ ನೋಡಿದರು. ಮನೆಮನೆಗೂ ಟಿ.ವಿ. ಬಂದ ಮೇಲೆ ಚಪ್ಪಲಿ ರಾಶಿ ಕರಗಿತು. ಅದೇ ಟಿ.ವಿ.ಯೇ 1993ರಲ್ಲಿ ಝೀ ವಾಹಿನಿಯ ‘ಅಂತಾಕ್ಷರಿ’ಯಿಂದ ಒಂದು ಹಳೆಯ ಆಟಕ್ಕೆ ಮತ್ತೆ ಜೀವ ಕೊಟ್ಟಿತು ಎಂಬುದೂ ನಿಜ. ಮರಾಠಿಗರಲ್ಲಿ ಅದಕ್ಕೆ ‘ಗಾಣ್ಯಾಚ್ಯಾ ಭೇಂಡ್ಯಾ’ ಎಂದು ಹೆಸರು. ಕನ್ನಡದಲ್ಲಿ ಆಡುವಾಗ ಮೊದಲೇ ಕರಾರು ಮಾಡಿಕೊಳ್ಳಬೇಕು. ‘ಳ’, ‘ಣ’ಗಳಿಂದ ಶುರುವಾಗುವ ಶಬ್ದವೇ ನಮ್ಮಲ್ಲಿಲ್ಲ, ಅವು ಬಂದರೆ ‘ಲ’, ‘ನ’. ಆದರೆ ಅಂತ್ಯಾಕ್ಷರಿ ಎಲ್ಲ ವಯಸ್ಸಿನವರ ಆಟ ಎಂದು ನನಗೆ ಅನಿಸುವುದಿಲ್ಲ. ಹತ್ತು ನಿಮಿಷಕ್ಕೆ ಹುಡುಗರು ಹಿಂದಿ ಸಿನಿಮಾಕ್ಕೆ ಜಾರುತ್ತಾರೆ, ಹಿರಿಯರು ದೇವರನಾಮಕ್ಕೆ. ಒಂದೇ ಕೋಣೆಯಲ್ಲಿ ಎರಡು ಕೂಟ.

ಚೌಕಾಬಾರ ಒಂದು ರಾತ್ರಿ ಮಾತ್ರ ತನ್ನ ಹಳೆಯ ಪಟ್ಟಕ್ಕೆ ಏರಿದ್ದನ್ನು ಕಂಡಿದ್ದೇನೆ. 2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಆ ದಿನ ನೂರಾರು ಜೀವ ಹೋದವು, ಅದನ್ನು ಪಾರ್ಟಿಯ ಲೆಕ್ಕಕ್ಕೆ ಹಿಡಿಯುವುದು ತಪ್ಪು. ನಮ್ಮದು ಮೂರನೇ ಮಹಡಿ. ನೆಲಮಹಡಿಯ ಎರಡು ಸಂಸಾರ, ಮನೆ ಸೇರಲಾಗದ ಇಬ್ಬರು ಹುಡುಗಿಯರು, ಯಾರದೋ ಮಗು, ಒಟ್ಟು ಹದಿನಾಲ್ಕು ಜನ ನಮ್ಮ ಎರಡು ಕೋಣೆಯಲ್ಲಿ. ಕರೆಂಟಿಲ್ಲ, ಫೋನಿಲ್ಲ. ಗಂಡಂದಿರು ಎಲ್ಲಿ ಸಿಕ್ಕಿಹಾಕಿಕೊಂಡರೋ ತಿಳಿಯದೆ ಹೆಂಗಸರು ಕಿಟಕಿ ಬಿಡುತ್ತಿರಲಿಲ್ಲ. ಮಕ್ಕಳು ಅಳುವುದಕ್ಕೆ ಶುರು ಮಾಡಿದಾಗ ಅವ್ವ ಮೇಣಬತ್ತಿಯ ಬೆಳಕಿನಲ್ಲಿ ನೆಲದ ಮೇಲೆ ಮನೆ ಎಳೆದಳು. ಕವಡೆ ಇರಲಿಲ್ಲ, ಹುಣಸೆಬೀಜ ಒಡೆದು ಮಾಡಿಕೊಟ್ಟಳು. ಬೆಳಗಿನ ನಾಲ್ಕರವರೆಗೆ ಎಲ್ಲರೂ ಆಡಿದರು, ಕಿಟಕಿ ಬಿಡದಿದ್ದವರೂ ಬಂದು ಕೂತರು. ಮೂಲೆಯಲ್ಲಿ ಜಪಮಾಲೆ ಹಿಡಿದು ಕೂರುತ್ತಿದ್ದ ಆಕೆ ಆ ರಾತ್ರಿ ಕೋಣೆಯ ನಡುವೆ ಇದ್ದಳು. ಮರುದಿನ ಮಧ್ಯಾಹ್ನ ಎಲ್ಲರ ಗಂಡಂದಿರೂ ನೆನೆದು ಮುದ್ದೆಯಾಗಿ ಮನೆ ಸೇರಿದರು. ಎರಡು ವರ್ಷದ ಮೇಲೆ ಅವ್ವ ಹೋದಳು. ಅವತ್ತು ಆಡಿದ ಹುಡುಗಿಯೊಬ್ಬಳು ಈಗಲೂ ‘ಕಾಕಾ, ಆಯಿಯ ಆ ಆಟದ ಹೆಸರೇನು?’ ಎಂದು ಫೋನಿನಲ್ಲಿ ಕೇಳುತ್ತಾಳೆ. ಅವಳು ಮರಾಠಿಯವಳು.

ಇತ್ತೀಚಿನ ಚರಿತ್ರೆ ಬೇಗ ಮುಗಿಯುವಂಥದ್ದು. 2000ದ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್. ಮನೆಯೊಳಗಿನ ಕೂಟಕ್ಕೆ ಅದರಿಂದ ನಷ್ಟವೇನಿಲ್ಲ, ಹಿರಿಯರಿಗೆ ಒಳ್ಳೆಯದೇ. ಚಾಳುಗಳು ಉರುಳಿ ಟವರು ಎದ್ದವು, ಗಚ್ಚಿಗೆ ಬೀಗ ಬಿತ್ತು, ಕೀಲಿ ಸೊಸೈಟಿಯ ಸೆಕ್ರೆಟರಿಯ ಹತ್ತಿರ. ಮಕ್ಕಳ ಹುಟ್ಟುಹಬ್ಬ ಹಾಲಿಗೆ ಹೋಯಿತು, ಅಲ್ಲಿ ಆಟ ಆಡಿಸುವುದಕ್ಕೂ ಸಂಬಳದ ಹುಡುಗ. ನಾನು ನಿವೃತ್ತನಾದದ್ದು 2020ರಲ್ಲಿ, ಲಾಕ್‌ಡೌನಿನ ನಡುವೆ, ಬೀಳ್ಕೊಡುಗೆ ಇಲ್ಲದೆ. ಅದೇ ವರ್ಷದ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ವಿಜಯಾ ಹಿಂದಿನ ವರ್ಷವೇ ಬರೋಡಾದೊಳಗೆ ಹೋಗಿತ್ತು. ಜನ ಮನೆಯೊಳಗೆ ಬಂದಿಯಾಗಿದ್ದಾಗ ಹೌಸಿ ಫೋನಿಗೆ ಬಂತು. ಪುಣೆಯಿಂದ ಮಗ, ಹೈದರಾಬಾದಿನಿಂದ ಮಗಳು, ಧಾರವಾಡದಿಂದ ತಮ್ಮ, ನಾನು ಕೂಗುವುದು, ಅವರು ಚೀಟಿ ಹೊಡೆಯುವುದು. ಮೂರು ರಾಜ್ಯಗಳಲ್ಲಿ ಚದುರಿದ ಕೂಗುಗಳ ನಡುವೆ ಅರ್ಧ ಸೆಕೆಂಡು ತಡ, ‘ನಾನು ಮೊದಲು ಹೇಳಿದೆ’ ಎಂಬ ಜಗಳ. 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದಾಗ ಮಗ ‘ಅಪ್ಪಾ, ನಮ್ಮ ಹೌಸಿ?’ ಎಂದು ತಮಾಷೆ ಮಾಡಿದ. ನಮ್ಮದರಲ್ಲಿ ಬಹುಮಾನ ತೆಂಗಿನಕಾಯಿ ಮಾರಾಯ ಎಂದೆ.

ಇಂಥ ರಾತ್ರಿ ಮಾಡಬೇಕೆಂದಿರುವವರಿಗೆ ಅನುಭವದಿಂದ ಎರಡು ಮಾತು. ಏಳೂವರೆಗೆ ಕರೆಯಿರಿ, ಎಂಟಕ್ಕೆ ತಿನ್ನಲು ಕೊಡಿ. ಆಟ ಆದ ಮೇಲೆ ಊಟ ಎಂದರೆ ಮಕ್ಕಳು ನಿದ್ದೆ ಹೋಗಿರುತ್ತಾರೆ, ಸಕ್ಕರೆ ಕಾಯಿಲೆಯವರು ಸುಸ್ತಾಗಿರುತ್ತಾರೆ. ಕೈಯಲ್ಲಿ ಹಿಡಿದು ತಿನ್ನುವಂಥದ್ದು ಮಾಡಿ, ಗಿರಮಿಟ್ಟು, ಮಿರ್ಚಿ ಭಜಿ, ಹಚ್ಚಿದ ಅವಲಕ್ಕಿ. ಮನೆಯಾಕೆಯೂ ಆಟಕ್ಕೆ ಕೂರಬೇಕು, ಆಕೆ ಅಡಿಗೆಮನೆಯಲ್ಲೇ ನಿಲ್ಲುವುದಾದರೆ ಹೋಟೆಲಿನಿಂದ ಪಾವ್ ಭಾಜಿ ತರಿಸುವುದು ವಾಸಿ. ಹಿರಿಯರಿಗೆ ಕುರ್ಚಿ ಗೋಡೆಯ ಪಕ್ಕ ಹಾಕದೆ ಕೂಗುವವನ ಎದುರಿಗೇ ಹಾಕಿ. ಅಂಕಿ ಕೂಗುವ ಕೆಲಸ ಮೊದಲ ಸುತ್ತು ಹಿರಿಯರಿಗೆ, ಎರಡನೇ ಸುತ್ತು ಮನೆಯ ಅತಿ ಕಿರಿಯ ಓದುವ ಮಗುವಿಗೆ, ಕನ್ನಡದಲ್ಲೇ. ತಪ್ಪಿದರೆ ಇಡೀ ಕೋಣೆ ತಿದ್ದುತ್ತದೆ.

ನಮ್ಮ ಮನೆಯ ಅಂಕಿಗಳ ಡಬ್ಬಿ 1984ರದು, ಮರದ ಬಿಲ್ಲೆಗಳು. ವರ್ಗವಾದ ಊರಿಗೆಲ್ಲ ಬಂದಿದೆ. ಅದರಲ್ಲಿ ನಲವತ್ಮೂರು ಕಳೆದು ಬಹಳ ವರ್ಷವಾಯಿತು, ಅದರ ಜಾಗದಲ್ಲಿ ಅವ್ವನ ಹೊಲಿಗೆ ಪೆಟ್ಟಿಗೆಯ ಒಂದು ಕೋಟಿನ ಗುಂಡಿ ಇದೆ. ಪುಣೆಯ ಮೊಮ್ಮಗಳು ಚೀಲದಲ್ಲಿ ಕೈ ಹಾಕಿದಾಗ ನೋಡದೆಯೇ ಅದನ್ನು ಗುರುತಿಸುತ್ತಾಳೆ, ಎತ್ತುವ ಮುಂಚೆಯೇ ಕೂಗುತ್ತಾಳೆ: ‘ಗುಂಡಿ! ನಲವತ್ಮೂರು!’